ಕುಂಕುಮವಿಟ್ಟ ತಕ್ಕಡಿ

ನಾನು ಎಲ್ಲಿ ಕೆಲಸ ಮಾಡುತ್ತೇನೆ ಎಂದು ಯಾರಾದರೂ ಕೇಳಿದರೆ ನಮ್ಮ ಯಜಮಾನರು "ಟೂಲ್ಸ್ ಅಂಗಡಿ" ಎಂದು ಹೇಳಿ ಕೂಡಲೇ ಮಾತನ್ನು ಹವಾಮಾನಕ್ಕೆ ತಿರುಗಿಸುತ್ತಿದ್ದರು. ನಾವಿರುವ ಅಮೆರಿಕದ ಬೇ ಏರಿಯಾದಲ್ಲಿ ಹವಾಮಾನ ಬದಲಾಗುವುದೇ ಅಪರೂಪ. ಆ ಮಾತು ಬೇಗ ಮುಗಿದು, ಕೇಳಿದವರು ಮತ್ತೆ ನನ್ನ ಕಡೆಗೇ ತಿರುಗುತ್ತಿದ್ದರು. ಆಗ ನಾನೇ ಹೇಳುತ್ತಿದ್ದೆ: ಬಂದೂಕಿನ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳುವವರಿಗೆ ಸಲಕರಣೆ ಮಾರುವ ಅಂಗಡಿ ಅದು, ಅಲ್ಲಿ ಹಳೇ ಸಾಮಾನಿನ ಕಪಾಟು ನನ್ನದು. ಅಲ್ಲಿಗೆ ಅವರ ಕೈಯಲ್ಲಿದ್ದ ಕೋಸಂಬರಿಯ ಚಮಚ ಬಾಯಿಗೂ ತಟ್ಟೆಗೂ ನಡುವೆ ನಿಂತುಬಿಡುತ್ತಿತ್ತು.

ಈಗ ನಿವೃತ್ತಳಾಗಿ ಮನೆಯಲ್ಲಿದ್ದೇನೆ. ಮೊನ್ನೆ ಪರಿಚಯದವರ ಮಗಳೊಬ್ಬಳು, ಹಳೇ ಸಾಮಾನು ಮಾರುವ ಅಂಗಡಿಗೆ ಕೆಲಸಕ್ಕೆ ಸೇರುತ್ತಿದ್ದೇನೆ ಆಂಟಿ, ಟಿಪ್ಸ್ ಇದ್ದರೆ ಕೊಡಿ ಎಂದಳು. ಅವಳು ಎರಡು ವಾಕ್ಯ ನಿರೀಕ್ಷಿಸಿದ್ದಳೆಂದು ಕಾಣುತ್ತದೆ. ಎರಡು ವಾಕ್ಯದಲ್ಲಿ ಮುಗಿಸುವ ಅಭ್ಯಾಸ ನನಗಿಲ್ಲ. ಅವಳಿಗೂ, ಮುಂದೆ ಯಾವುದಾದರೊಂದು ಕೌಂಟರಿನ ಹಿಂದೆ ನಿಲ್ಲಲಿರುವ ಅವಳಂಥವರಿಗೂ ಇದನ್ನು ಬರೆಯುತ್ತಿದ್ದೇನೆ. ನನ್ನ ಸಂಬಳ ಎಷ್ಟು ಏರಿತು, ಯಾವಾಗ ನನಗೆ ಅಂಗಡಿಯ ಬೀಗದ ಕೈ ಕೊಟ್ಟರು ಎಂಬುದೆಲ್ಲ ಇದರಲ್ಲಿಲ್ಲ. ಅವು ನನಗೇ ನೆನಪಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳವು. ನಾವು ಬೇ ಏರಿಯಾದ ನೆವಾರ್ಕ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಯಜಮಾನರು ಗದಗಿನವರು, ಬೆಂಗಳೂರಿನಲ್ಲಿ ಓದಿ ಎಂಜಿನಿಯರಾಗಿ ಇಲ್ಲಿನ ಚಿಪ್ ಕಂಪನಿಯೊಂದಕ್ಕೆ ಸೇರಿದ್ದರು. ನಾನು ಮೈಸೂರಿನವಳು, ಬಿ.ಎಸ್ಸಿ. ಮುಗಿಸಿ ಮದುವೆಯಾಗಿ ಬಂದವಳು. ಮಗಳು ರಶ್ಮಿ ಶಾಲೆಗೆ ಹೋದ ಮೇಲೆ ನನ್ನ ಮಾತಿಗೆ ಸಿಗುತ್ತಿದ್ದದ್ದು ಫ್ರಿಜ್ ಒಂದೇ. ಅದೂ ಆಗಾಗ ಗುರ್ ಎನ್ನುತ್ತಿತ್ತು. ಒಂದು ದಿನ ಲಾಂಡ್ರೊಮ್ಯಾಟಿನ ನಾಣ್ಯದ ಯಂತ್ರಕ್ಕೆ ಬಟ್ಟೆ ಹಾಕಿ, ಚಿಲ್ಲರೆ ಸಾಲದೆ ಪಕ್ಕದ ಅಂಗಡಿಗೆ ಹೋದೆ. ಹ್ಯಾಂಕ್ ಎಂಬ ಬೋಳುತಲೆಯ ಮಾಲೀಕ ಕೋಪದಿಂದ ಕೆಂಪಾಗಿ ನಿಂತಿದ್ದ. ಕೋವಿ ಮದ್ದಿನ ಡಬ್ಬಿಗಳ ಪಕ್ಕದಲ್ಲೇ ಸಿಗರೇಟು ಹಚ್ಚಿದ ಕೆಲಸದವನನ್ನು ಆಗತಾನೇ ಹೊರಗೆ ಕಳಿಸಿದ್ದನಂತೆ. ನಾನು ಚಿಲ್ಲರೆ ಕೇಳಿದೆ. ಅವನು ಸಿಗರೇಟು ಸೇದುತ್ತೀಯಾ ಎಂದು ಕೇಳಿದ. ನಮ್ಮ ಮನೆಯಲ್ಲಿ ಊದುಬತ್ತಿಯನ್ನು ಬಿಟ್ಟರೆ ಇನ್ನೇನೂ ಹೊಗೆಯಾಡುವುದಿಲ್ಲ ಎಂದೆ. ಸೋಮವಾರದಿಂದ ಬಾ ಎಂದ. ನನ್ನ ಬಿ.ಎಸ್ಸಿ. ಯಾವ ವಿಷಯದಲ್ಲೆಂದು ಅವನು ಕೊನೆಯವರೆಗೂ ಕೇಳಲಿಲ್ಲ.

ಸೋಮವಾರ ನನ್ನ ಅತ್ಯುತ್ತಮ ನೈಲಾನ್ ಸೀರೆ ಉಟ್ಟು ಹೋದೆ. ಹ್ಯಾಂಕ್ ಅದರ ಸೆರಗಿನಿಂದ ಚಟ್ ಎಂದು ಕಿಡಿ ಹಾರಿದ ಸದ್ದು ಕೇಳಿ ಬೆಚ್ಚಿಬಿದ್ದು, ಇಲ್ಲಿ ಹತ್ತಿ ಬಟ್ಟೆ ಮಾತ್ರ ಎಂದು ಮನೆಗೆ ವಾಪಸು ಕಳಿಸಿದ. ಅಂದಿನಿಂದ ಆ ಅಂಗಡಿಯಲ್ಲಿ ನನ್ನ ಸಮವಸ್ತ್ರ ಹತ್ತಿ ಸೀರೆ. ಗಿರಾಕಿಗಳು ಸರೋಜ ಎಂಬ ನನ್ನ ಹೆಸರನ್ನು ಸ್ಪ್ಯಾನಿಷ್ ಹೆಸರೆಂದು ತಿಳಿದು, ಜೆ ಅಕ್ಷರವನ್ನು ಹ ಎಂದು ಓದಿ ಸರೋಹಾ ಎನ್ನುತ್ತಿದ್ದರು. ಮೊದಲ ವಾರ ತಿದ್ದಿದೆ, ಆಮೇಲೆ ಓಗೊಡಲು ಕಲಿತೆ.

ಈ ಕಸುಬು ಏನೆಂದು ಹೇಳಿಬಿಡುತ್ತೇನೆ. ಗುಂಡು ಹಾರಿದ ಮೇಲೆ ಹಿತ್ತಾಳೆಯ ಖಾಲಿ ಕೊಳವೆ ಉಳಿಯುತ್ತದೆ. ಎಸೆಯುವ ಬದಲು ಅದನ್ನೇ ಸರಿಮಾಡಿ ಮತ್ತೆ ಮದ್ದು ಗುಂಡು ತುಂಬಿದರೆ ಹೊಸ ತೋಟಾ ಕೊಳ್ಳುವ ಖರ್ಚು ಉಳಿಯುತ್ತದೆ. ಖಾಲಿಯಾದ ಭರಣಿಗೆ ಮುಂದಿನ ವರ್ಷದ ಉಪ್ಪಿನಕಾಯಿ ಹಾಕುವ ನಮಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಇದಕ್ಕೆ ಕೊಳವೆ ಒತ್ತಿ ಸರಿಮಾಡಲು ಚಕ್ಕುಲಿ ಒರಳಿನ ದೊಡ್ಡಣ್ಣನಂಥ ಒಂದು ಪ್ರೆಸ್ಸು ಬೇಕು, ಮದ್ದು ತೂಗಲು ಒಂದು ಸೂಕ್ಷ್ಮ ತಕ್ಕಡಿ ಬೇಕು, ಇನ್ನೂ ಕೆಲವು ಚಿಲ್ಲರೆ ಸಾಮಾನು ಬೇಕು. ಖರ್ಚು ಉಳಿಸಲೆಂದು ಈ ಹವ್ಯಾಸಕ್ಕೆ ಇಳಿದವರು ಸಲಕರಣೆಗೇ ಎಲ್ಲವನ್ನೂ ಸುರಿದು ಹೆಂಡತಿಗೆ ಸುಳ್ಳು ಹೇಳುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅಂಥವರಿಗಾಗಿಯೇ ಹಳೇ ಸಾಮಾನಿನ ಕಪಾಟು ಇದ್ದದ್ದು.

ಹಳೆಯದನ್ನು ಕೊಳ್ಳುವುದರಲ್ಲಿ ನಾನು ಮಾಡಿದ ಮೊದಲ ವ್ಯವಹಾರವೇ ಎಡವಟ್ಟಾಯಿತು. ನಗುಮೊಗದ ಒಬ್ಬಾತ ಫಳಫಳ ಹೊಳೆಯುವ ನೀಲಿ ಪ್ರೆಸ್ಸು ತಂದ. ನಾನು ಅದರ ಹೊಳಪಿಗೂ ಅವನ ನಗುವಿಗೂ ಮರುಳಾಗಿ ಕೊಂಡುಬಿಟ್ಟೆ. ಹ್ಯಾಂಕ್ ಬಂದು ಉಗುರಿನಿಂದ ಬಣ್ಣ ಕೆರೆದ. ಕೆಳಗೆ ಮೈಯುದ್ದಕ್ಕೂ ಬಿರುಕು. ಅವನು ಬೈಯಲಿಲ್ಲ, ಅದನ್ನು ಒಯ್ದು ಅಂಗಡಿಯ ಬಾಗಿಲು ಮುಚ್ಚಿಕೊಳ್ಳದಂತೆ ಅಡ್ಡ ಇಟ್ಟ. ನಾನು ಆ ಅಂಗಡಿ ಬಿಡುವವರೆಗೂ ಅದು ಅಲ್ಲೇ ಇತ್ತು. ಹೊಸ ಗಿರಾಕಿ ಎಡವಿದಾಗಲೆಲ್ಲ ಹ್ಯಾಂಕ್, ಅದು ಸರೋಹಾಳ ಪ್ರೆಸ್ಸು ಎಂದು ಪರಿಚಯ ಮಾಡಿಸುತ್ತಿದ್ದ. ಅಲ್ಲಿಂದ ನಾನು ಹೊಸ ಬಣ್ಣ ಕಂಡರೆ ಅನುಮಾನಪಡಲು, ಎಣ್ಣೆ ಜಿಡ್ಡು ಕಂಡರೆ ಸಂತೋಷಪಡಲು ಕಲಿತೆ. ಹಳೇ ಪ್ರೆಸ್ಸು ಪಳಗಿದ ದೋಸೆ ಕಾವಲಿ ಇದ್ದಂತೆ, ನೋಡಲು ಕಪ್ಪು, ಕೆಲಸಕ್ಕೆ ಚೊಕ್ಕ. ಆದರೆ ಬೇರೊಬ್ಬರು ತೆರೆದ ಮದ್ದಿನ ಡಬ್ಬಿಯನ್ನಾಗಲಿ ಬೇರೊಬ್ಬರು ತುಂಬಿದ ತೋಟಾವನ್ನಾಗಲಿ ಪುಕ್ಕಟೆ ಕೊಟ್ಟರೂ ಮುಟ್ಟಕೂಡದು. ಎಂಜಲು ತಿನ್ನಬಾರದೆಂದು ಬೆಳೆದವಳಿಗೆ ಆ ನಿಯಮ ಬೇಗ ತಲೆಗೆ ಹೋಯಿತು.

ನನಗೆ ಆ ಕೆಲಸದಲ್ಲಿ ಅತಿ ಹೆಚ್ಚು ಹಿಡಿಸಿದ್ದು ಚೌಕಾಸಿ. ಅಮೆರಿಕಕ್ಕೆ ಬಂದ ಮೇಲೆ ನಾನು ಕಳೆದುಕೊಂಡಿದ್ದ ಸುಖ ಅದೊಂದು. ಗ್ರೋಸರಿಯಲ್ಲಿ ಟೊಮೆಟೊ ಮೇಲೆ ಚೀಟಿ ಅಂಟಿಸಿರುತ್ತಾರೆ, ಯಾರ ಜೊತೆ ಜಗಳವಾಡುವುದು? ದೇವರಾಜ ಮಾರುಕಟ್ಟೆಯಲ್ಲಿ ಅಮ್ಮನ ಹಿಂದೆ ನಿಂತು ಕಲಿತ ವಿದ್ಯೆ ನನ್ನ ಕಪಾಟಿನ ಮುಂದೆ ಮತ್ತೆ ಚಿಗುರಿತು. ತೊಂದರೆ ಏನೆಂದರೆ ಎದುರಿನವರಿಗೆ ಆಡಲು ಬರುತ್ತಿರಲಿಲ್ಲ. ನಾನು ಬೆಲೆ ಹೇಳಿದರೆ ಅವರು ತೆಪ್ಪಗೆ ಪರ್ಸು ತೆಗೆಯುತ್ತಿದ್ದರು. ಈಗ ನೀವು ಜಾಸ್ತಿಯಾಯಿತು ಅನ್ನಬೇಕು ಎಂದು ನಾನೇ ಹೇಳಿಕೊಡಬೇಕು. ಅವರು ನಾಚಿಕೊಂಡು ಜಾಸ್ತಿಯಾಯಿತು ಎನ್ನುತ್ತಿದ್ದರು. ಈಗ ಬಾಗಿಲ ತನಕ ಹೋಗಿ ತಿರುಗಿ ನೋಡಿ ಎನ್ನುತ್ತಿದ್ದೆ. ಒಬ್ಬ ಬಾಗಿಲ ತನಕ ಹೋದವನು ಬರಲೇ ಇಲ್ಲ, ಪಾಠ ಮುಗಿಯಿತೆಂದುಕೊಂಡು ಮನೆಗೆ ಹೋಗಿಬಿಟ್ಟಿದ್ದ.

ರೆಡ್‌ವುಡ್ ಸಿಟಿಯ ಕಡೆಯಿಂದ ಸೇತುವೆ ದಾಟಿ ಬರುವ ಕಂಪ್ಯೂಟರ್ ಹುಡುಗರು ಮಾತ್ರ ಹಳೆಯದರ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಆಗತಾನೇ ಒಂದು ಸಲ ಹಿಡಿಕೆ ಎಳೆದರೆ ಎಲ್ಲ ಕೆಲಸವೂ ಒಟ್ಟಿಗೆ ಆಗುವ ಹೊಸ ಬಗೆಯ ಪ್ರೆಸ್ಸು ಬರತೊಡಗಿತ್ತು. ಅವರಿಗೆ ಅದೇ ಬೇಕು, ಅದರಲ್ಲೂ ಎಲ್ಲಕ್ಕಿಂತ ದೊಡ್ಡದು ಬೇಕು. ಕೆಲವು ತಿಂಗಳಲ್ಲಿ ಅದೇ ಪ್ರೆಸ್ಸು ಅದೇ ಪೆಟ್ಟಿಗೆಯಲ್ಲಿ ನನ್ನ ಕಪಾಟಿಗೆ ಬರುತ್ತಿತ್ತು, ಹೆಂಡತಿಗೆ ಗ್ಯಾರೇಜು ಬೇಕಂತೆ ಎಂಬ ವಿವರಣೆಯ ಸಮೇತ. ಕೈಯಲ್ಲಿ ದುಡ್ಡಿಲ್ಲದವರಿಗೆ ನಾನು ಹೇಳುತ್ತಿದ್ದದ್ದು ಇಷ್ಟೇ: ಕಬ್ಬಿಣವನ್ನು ಹಳೆಯದು ಕೊಳ್ಳಿ, ಮದ್ದಿನ ಅಳತೆ ಹೇಳುವ ಪುಸ್ತಕವನ್ನು ಹೊಸದು ಕೊಳ್ಳಿ, ತಕ್ಕಡಿಯನ್ನು ನನ್ನನ್ನು ಕೇಳಿ ಕೊಳ್ಳಿ.

ತಕ್ಕಡಿಗೆ ಹಾಗೇಕೆ ಹೇಳುತ್ತಿದ್ದೆ ಎಂದರೆ, ಮದ್ದಿನ ತೂಕ ಕೂದಲೆಳೆಯಷ್ಟು ಜಾಸ್ತಿಯಾದರೂ ಬಂದೂಕು ಕೈಯಲ್ಲೇ ಸಿಡಿಯಬಹುದು. ಹಳೇ ತಕ್ಕಡಿ ಬಂದರೆ ಅದನ್ನು ಪ್ರಮಾಣದ ತೂಕದ ಬಟ್ಟುಗಳಿಟ್ಟು ಪರೀಕ್ಷಿಸಿ, ಮುಳ್ಳು ಸೊನ್ನೆಗೆ ನಿಲ್ಲುವಂತೆ ತಿರುಪು ಸರಿಪಡಿಸಿ, ಆ ತಿರುಪು ಯಾರ ಕೈಗೂ ಅಲುಗಾಡದಂತೆ ಮೇಲೊಂದು ತೊಟ್ಟು ಕೆಂಪು ನೇಲ್ ಪಾಲಿಶ್ ಹಾಕುತ್ತಿದ್ದೆ. ಕೆಂಪು ಬೊಟ್ಟಿದ್ದರೆ ಸರೋಹಾ ನೋಡಿದ್ದಾಳೆ ಎಂದರ್ಥ, ತಿರುಪು ಮುಟ್ಟುವ ಹಾಗಿಲ್ಲ. ಗಿರಾಕಿಗಳು ಅದನ್ನು ನಂಬಿದ್ದರು. ನನಗೆ ಅದರ ಹೆಮ್ಮೆ ಇತ್ತು. ಈ ದೇಶದಲ್ಲಿ ನನ್ನ ಮಾತನ್ನು ನಂಬಿ ಜನ ಏನಾದರೂ ಮಾಡುತ್ತಿದ್ದ ಸ್ಥಳ ಅದೊಂದೇ.

ಹಾಗಿರುವಾಗ ಹ್ಯಾಂಕನ ಮಗಳು ಲಿಂಡಾ ಅಂಗಡಿಯ ಆಡಳಿತಕ್ಕೆ ಬಂದಳು. ಬುದ್ಧಿವಂತೆ, ನಗುವುದು ಕಡಿಮೆ. ಹೊಸ ಸಾಮಾನು ಕೆಟ್ಟರೆ ತಯಾರಿಸಿದ ಕಂಪನಿಯ ತಲೆನೋವು, ಹಳೆಯದು ಕೆಟ್ಟರೆ ನಮ್ಮ ತಲೆನೋವು, ಆದ್ದರಿಂದ ಹಳೇ ಕಪಾಟು ಬೇಡ ಎಂಬುದು ಅವಳ ವಾದ. ಹ್ಯಾಂಕ್ ಗೊಣಗಿದ. ಕೊನೆಗೆ ಅವಳು ನನ್ನನ್ನು ಕರೆದು, ಕ್ರಿಸ್‌ಮಸ್ ತನಕ ನೋಡುತ್ತೇನೆ, ಅಷ್ಟರಲ್ಲಿ ಈ ಕಪಾಟಿನ ಒಂದೇ ಒಂದು ವಸ್ತು ದೋಷವಿದೆಯೆಂದು ವಾಪಸು ಬಂದರೂ ಮುಚ್ಚುತ್ತೇನೆ ಎಂದಳು. ಕಪಾಟು ಹೋದರೆ ನನ್ನ ಕೆಲಸವೂ ಹೋಗುತ್ತದೆಂದು ಅವಳು ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಒಳ್ಳೇದಾಯ್ತು, ಆರಾಮಾಗಿರು ಎಂದರು. ಅಡುಗೆಮನೆಯಲ್ಲಿ ಫ್ರಿಜ್ ಗುರ್ ಎಂದಿತು. ನನಗೆ ಅಳು ಬಂತು.

ಆ ಶರತ್ಕಾಲದಲ್ಲಿ ನನ್ನ ಕಪಾಟಿಗೆ ದಿನವೂ ಬರುತ್ತಿದ್ದವನು ಅರ್ಲ್. ಶಾಲಾ ಬಸ್ಸು ಓಡಿಸಿ ನಿವೃತ್ತನಾದವನು, ಹೆಂಡತಿ ತೀರಿಕೊಂಡಿದ್ದಳು, ಪಕ್ಕದೂರು ಹೇವರ್ಡಿನ ಟ್ರೇಲರ್ ಪಾರ್ಕಿನ ಗಾಲಿಮನೆಯಲ್ಲಿ ಒಬ್ಬನೇ ವಾಸ. ಕಣ್ಣು ಮಂದ, ಕಿವಿ ಅದಕ್ಕಿಂತ ಮಂದ. ಶನಿವಾರ ಶನಿವಾರ ಕ್ಲಬ್ಬಿನಲ್ಲಿ ಕಾಗದದ ಗುರಿಗೆ ಹೊಡೆಯುವುದೊಂದೇ ಅವನಿಗೆ ಉಳಿದಿದ್ದ ಸ್ನೇಹಕೂಟ, ಅಂಗಡಿಯ ತೋಟಾ ಕೊಳ್ಳುವುದು ಪಿಂಚಣಿಗೆ ಭಾರವಾಗುತ್ತಿತ್ತು. ಅವನಿಗಾಗಿ ನಾನು ಒಂದೊಂದೇ ಸಾಮಾನು ಕೂಡಿಸಿಟ್ಟೆ. ಕಪ್ಪಗಿನ ಗಟ್ಟಿ ಪ್ರೆಸ್ಸು, ಹಿತ್ತಾಳೆ ತಟ್ಟೆಯ ಒಂದು ಹಳೇ ತಕ್ಕಡಿ. ತಕ್ಕಡಿಯನ್ನು ಪರೀಕ್ಷಿಸಿ ಕೆಂಪು ಬೊಟ್ಟಿಟ್ಟು, ನಾಳೆ ಬಂದು ಒಯ್ಯಿ ಎಂದೆ.

ಆ ನಾಳೆ ಆಯುಧಪೂಜೆ. ಗದಗಿನಿಂದ ನಮ್ಮ ಅತ್ತೆ ಬಂದಿದ್ದರು. ಅವರಿಗೆ ಅಮೆರಿಕದಲ್ಲಿ ತಕರಾರಿದ್ದದ್ದು ಒಂದೇ, ಮನೆಯಲ್ಲಿ ಯಾರೂ ತಮ್ಮ ಮಾತು ಕೇಳುವುದಿಲ್ಲ ಎಂದು. ಪೂಜೆ ಮಾಡಿದ ವಸ್ತುವಿಗೆ ಮಾರನೇ ದಿನದವರೆಗೆ ಕೆಲಸ ಹಚ್ಚಬಾರದು ಎಂಬುದು ಅವರ ಕಟ್ಟುನಿಟ್ಟು. ಬೆಳಗ್ಗೆ ಕಾರಿಗೆ ಪೂಜೆ ಮಾಡಿದರು, ಯಜಮಾನರು ಅದೇ ಕಾರಿನಲ್ಲಿ ಆಫೀಸಿಗೆ ಹೊರಟರು. ರಶ್ಮಿಯ ಪುಸ್ತಕ ಪೆನ್ಸಿಲ್ಲುಗಳಿಗೆ ಕುಂಕುಮ ಹಚ್ಚಿ ದೇವರ ಮುಂದಿಟ್ಟರು, ಅವಳು "ಅಜ್ಜಿ, ಐ ಹ್ಯಾವ್ ಎ ಸ್ಪೆಲ್ಲಿಂಗ್ ಟೆಸ್ಟ್" ಎಂದು ಎತ್ತಿಕೊಂಡು ಓಡಿದಳು. ಮಿಕ್ಸಿಗೆ ಹಚ್ಚಿದ ಕುಂಕುಮ ಒಣಗುವ ಮೊದಲೇ ನಾನು ಅದರಲ್ಲಿ ಚಟ್ನಿ ತಿರುವಿದೆ. ಅತ್ತೆ ಮುಖ ಊದಿಸಿಕೊಂಡು, ನಿನ್ನ ಅಂಗಡಿಯಲ್ಲಿ ಆಯುಧಗಳಿವೆಯಲ್ಲ, ಅಲ್ಲಾದರೂ ಪೂಜೆ ಮಾಡುತ್ತೇನೆ ಎಂದು ಹಟ ಹಿಡಿದರು.

ಹ್ಯಾಂಕನಿಗೆ ಫೋನು ಮಾಡಿ ಕೇಳಿದೆ. ತಿಂಡಿ ಇರುತ್ತದೆಯೇ ಎಂದು ಕೇಳಿ ಒಪ್ಪಿದ. ಬೆಂಕಿ ಮಾತ್ರ ಕೂಡದು ಎಂದ. ದೀಪವಿಲ್ಲದೆ ಆರತಿ ಹೇಗೆಂದು ಅತ್ತೆ ಕೇಳಿದರು. ಕೊನೆಗೆ ಹ್ಯಾಂಕನ ಟಾರ್ಚನ್ನೇ ತಟ್ಟೆಯಲ್ಲಿಟ್ಟು ಬೆಳಗುವುದೆಂದು ತೀರ್ಮಾನವಾಯಿತು. ದಾರಿಯಲ್ಲಿ ಅವರು, ನಿಮ್ಮಂಗಡಿಯ ಸಾಮಾನಿನಿಂದ ಜೀವ ತೆಗೆಯುತ್ತಾರೇನು ಎಂದು ಮೆಲ್ಲಗೆ ಕೇಳಿದರು. ನಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ಕಾಗದಕ್ಕೆ ತೂತು ಹಾಕುವವರು ಎಂದೆ.

"ಕಾಗದಕ್ಕ ತೂತ ಹಾಕಾಕ ಇಷ್ಟೆಲ್ಲಾ ಬೇಕೇನವಾ? ಒಂದ ದಬ್ಬಣ ಸಾಲೂದಿಲ್ಲೇನು?" ಎಂದರು.

ಅಂಗಡಿಯಲ್ಲಿ ಅವರು ಸುಮ್ಮನೆ ಕುಂಕುಮ ಹಚ್ಚಿ ಬರುತ್ತಾರೆಂದು ನಾನೆಣಿಸಿದ್ದೆ. ಕೊಳೆಯಾದ ವಸ್ತುವಿಗೆ ಪೂಜೆ ಮಾಡುವವರೇ ಅವರು? ನಾನು ಗಿರಾಕಿಗಳ ಜೊತೆ ಮಾತಾಡುತ್ತಿದ್ದಾಗ ಅವರು ನನ್ನ ಕಪಾಟಿನಲ್ಲಿದ್ದ ಹಿತ್ತಾಳೆಯನ್ನೆಲ್ಲ ಹಿಂದಿನ ಸಿಂಕಿಗೆ ಒಯ್ದು, ಚೀಲದಿಂದ ಹುಣಸೆಹಣ್ಣು ತೆಗೆದು ತಿಕ್ಕಿದರು. ಅರ್ಲನ ತಕ್ಕಡಿಯ ತಟ್ಟೆಯೂ ಅದರಲ್ಲಿತ್ತು. ಎಲ್ಲವೂ ಮಿಂಚುತ್ತ ಮರಳಿ ಬಂದಾಗ ಹ್ಯಾಂಕ್, ಕಾರ್ಖಾನೆಯಿಂದ ಬಂದಾಗಲೂ ಇಷ್ಟು ಹೊಳೆದಿರಲಿಲ್ಲ ಎಂದ. ನನಗೂ ಖುಷಿಯಾಯಿತು. ಅತ್ತೆ ಎಲ್ಲಕ್ಕೂ ಗಂಧ ಕುಂಕುಮ ಹಚ್ಚಿದರು. ಪ್ರೆಸ್ಸುಗಳಿಗೆ, ಗಲ್ಲಾಪೆಟ್ಟಿಗೆಗೆ, ಬಾಗಿಲಿಗೆ ಅಡ್ಡವಿದ್ದ ನನ್ನ ಬಿರುಕಿನ ಪ್ರೆಸ್ಸಿಗೆ, ಲಿಂಡಾಳ ಕ್ಯಾಲ್ಕುಲೇಟರಿಗೂ. ಲಿಂಡಾ ತುಟಿ ಬಿಗಿಹಿಡಿದು ನೋಡುತ್ತಿದ್ದಳು, ಆದರೆ ಚಿತ್ರಾನ್ನವನ್ನು ಎರಡು ಸಲ ಹಾಕಿಸಿಕೊಂಡಳು.

ಗಲಾಟೆಯ ನಡುವೆಯೇ ಅರ್ಲ್ ಬಂದ. ನೇಲ್ ಪಾಲಿಶಿನ ಬೊಟ್ಟಿನ ಪಕ್ಕದಲ್ಲಿ ಕುಂಕುಮದ ಬೊಟ್ಟು ಕಂಡು, ಇದು ಡಬಲ್ ಗ್ಯಾರಂಟಿಯೇ ಎಂದು ಕೇಳಿದ. ನಾನು ನಗುತ್ತ ಪ್ರೆಸ್ಸನ್ನೂ ತಕ್ಕಡಿಯನ್ನೂ ಪೆಟ್ಟಿಗೆಗೆ ತುಂಬಿ ಕೊಟ್ಟೆ. ಹಿಂದಿನ ದಿನವಷ್ಟೇ ನೋಡಿದ್ದನ್ನು ಮತ್ತೆ ತೂಗಿ ನೋಡುವ ಯೋಚನೆ ಬರಲಿಲ್ಲ. ಅತ್ತೆ ಅವನನ್ನು ತಡೆದು ನಿಲ್ಲಿಸಿದರು.

"ಇವತ್ತ ಇದಕ್ಕ ಕೆಲಸಾ ಹಚ್ಚಬ್ಯಾಡ ಅಂತ ಹೇಳವಾ ಅವಗ. ಪೂಜಾ ಮಾಡಿಸ್ಕೊಂಡೈತಿ, ನಾಳಿತನಕ ಮಲಗ್ಲಿ."

ನಾನು ಹೇಳುವ ಮೊದಲೇ ಅವರು ಎರಡು ಅಂಗೈ ಜೋಡಿಸಿ ಕೆನ್ನೆಗಿಟ್ಟು ಕಣ್ಣು ಮುಚ್ಚಿ, ಮಲಗುವುದು ಹೇಗೆಂದು ತೋರಿಸಿದರು. ಇವತ್ತು ಇದನ್ನು ಮಲಗಿಸಬೇಕಂತೆ ಎಂದು ನಾನು ಅವನ ಕಿವಿಯ ಹತ್ತಿರ ಕೂಗಿ ಹೇಳಿದೆ. ಹ್ಯಾಂಕ್ ಹೋ ಎಂದು ನಕ್ಕ. ಅರ್ಲ್ ನಗಲಿಲ್ಲ, ಟೋಪಿ ತೆಗೆದು ಅತ್ತೆಯವರಿಗೆ ತಲೆಬಾಗಿ ಹೊರಟುಹೋದ.

ಸಂಜೆ ಊಟಕ್ಕೆ ಕೂತಿದ್ದೆವು. ಅತ್ತೆ ಸಂತೋಷದಲ್ಲಿದ್ದರು. ಅಮೆರಿಕದವರಿಗೆ ಪಾತ್ರೆ ತೊಳೆಯಲು ಬರುವುದಿಲ್ಲ ಎಂದು ಶುರುಮಾಡಿ, ಹೋಳಿಗೆ ಮುರಿಯುತ್ತ ಹೇಳಿದರು:

"ಆ ಮುದುಕಗ ಕೊಟ್ಟೆಲ್ಲಾ, ಆ ತಕ್ಕಡಿ ಹೊಟ್ಟ್ಯಾಗ ಒಂದ ಹರಳ ಕುಂತಿತ್ತ ನೋಡು. ಅಕ್ಕ್ಯಾಗಿಂದ ಆರಿಸಿದಂಗ ಆರಿಸಿ ಒಗದೆ."

ನಾನು ತುತ್ತನ್ನು ಅಲ್ಲೇ ಬಿಟ್ಟು ಎದ್ದೆ. ಆ ತಕ್ಕಡಿಯ ತಟ್ಟೆಯ ಕೆಳಗೆ ಪುಟ್ಟ ಬಟ್ಟಲೊಂದಿರುತ್ತದೆ. ಎರಡು ಕಡೆಯೂ ಸಮ ತೂಗಲೆಂದು ತಯಾರಿಸಿದವರೇ ಅದರೊಳಗೆ ಸಾಸಿವೆ ಗಾತ್ರದ ಸೀಸದ ಕಾಳು ಹಾಕಿರುತ್ತಾರೆ. ಒಂದು ಕಾಳು ಹೋದರೆ ತಟ್ಟೆ ಹಗುರವಾಗುತ್ತದೆ. ತಟ್ಟೆ ಹಗುರವಾದರೆ ಮುಳ್ಳು ಸರಿಯೆಂದು ತೋರಿಸುವಷ್ಟರಲ್ಲಿ ಮದ್ದು ಜಾಸ್ತಿ ಬಿದ್ದಿರುತ್ತದೆ. ಖಾಲಿ ತಟ್ಟೆಯ ಮುಳ್ಳನ್ನು ಗಮನಿಸಿದವರಿಗೆ ತಪ್ಪು ಕಂಡೀತು. ಅರ್ಲನ ಕಣ್ಣು ಮಂದ. ಕಂಡರೂ ಅವನು ತಿರುಪು ಮುಟ್ಟುವವನಲ್ಲ, ಅದರ ಮೇಲೆ ನನ್ನ ಕೆಂಪು ಬೊಟ್ಟಿತ್ತು. ಮಾರನೆಯ ದಿನವೇ ಶನಿವಾರ, ಕ್ಲಬ್ಬಿನ ದಿನ.

ಫೋನು ಮಾಡಿದೆ. ಗಂಟೆ ಬಾರಿಸುತ್ತಲೇ ಇತ್ತು. ಮನೆಗೆ ಹೋದ ಮೇಲೆ ಅವನು ಕಿವಿಯ ಯಂತ್ರ ತೆಗೆದಿಡುತ್ತಾನೆಂದು ನೆನಪಾಯಿತು. ಕಾರು ತೆಗೀರಿ ಎಂದೆ. ಯಜಮಾನರು ಬೆಳಗ್ಗೆ ಫೋನ್ ಮಾಡಿದ್ರಾಯ್ತು ಎಂದು ಶುರುಮಾಡಿದವರು ನನ್ನ ಮುಖ ನೋಡಿ ಕೀ ತೆಗೆದುಕೊಂಡರು. ಅತ್ತೆ ಚಪ್ಪಲಿ ಮೆಟ್ಟಿ ಮೊದಲೇ ಕಾರಿನ ಹತ್ತಿರ ನಿಂತಿದ್ದರು. ರಶ್ಮಿಯನ್ನು ಒಬ್ಬಳೇ ಬಿಡುವ ಹಾಗಿರಲಿಲ್ಲ. ಹೀಗೆ ಇಡೀ ಸಂಸಾರ ಅರೆ ಊಟದಲ್ಲಿ ಫ್ರೀವೇ ಹತ್ತಿತು.

ದಾರಿಯುದ್ದಕ್ಕೂ ನಾನು ಲೆಕ್ಕ ಹಾಕುತ್ತಿದ್ದೆ. ಅವನು ಈಗಾಗಲೇ ತುಂಬಲು ಕೂತಿದ್ದರೆ? ಎಷ್ಟು ಬೇಗ ತುಂಬಬಲ್ಲ? ಬೆಳಗ್ಗೆ ಬೇಗ ಹೊರಟುಬಿಟ್ಟರೆ? ಕಪಾಟಿನ ನೆನಪೂ ಬಂತು. ತಕ್ಕಡಿ ವಾಪಸು ಬಂತೆಂದರೆ ಲಿಂಡಾಳ ಷರತ್ತಿನಂತೆ ಕಪಾಟಿಗೆ ಬೀಗ. ಬೀಗ ಬೀಳಲಿ, ಆ ಮುದುಕನ ಹತ್ತು ಬೆರಳೂ ನೆಟ್ಟಗಿದ್ದರೆ ಸಾಕು ಎಂದು ಮನಸ್ಸಿನಲ್ಲೇ ಚಾಮುಂಡಿಗೆ ಹೇಳಿಕೊಂಡೆ. ಅತ್ತೆ ತಾವು ತೊಳೆದದ್ದರಿಂದ ಏನಾಗಿದೆ ಎಂದು ಮಗನ ಬಾಯಿಂದ ಕೇಳಿ ತಿಳಿದ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ರಶ್ಮಿ ಮಾತ್ರ "ಅಮ್ಮಾ, ಆರ್ ವಿ ಗೋಯಿಂಗ್ ಟು ಜೈಲ್?" ಎಂದು ಕೇಳಿದಳು.

ಅರ್ಲನ ಟ್ರೇಲರಿನಲ್ಲಿ ದೀಪ ಉರಿಯುತ್ತಿತ್ತು. ಬಾಗಿಲು ಬಡಿದರೆ ಅವನಿಗೆ ಕೇಳಿಸಲಿಲ್ಲ. ಕಿಟಕಿಯ ಮುಂದೆ ನಾವು ನಾಲ್ವರೂ ಕೈಯಾಡಿಸಿದ ಮೇಲೆ ಎದ್ದು ಬಂದ. ಮೇಜಿನ ಮೇಲೆ ಇಸ್ಪೀಟು ಹರಡಿತ್ತು. ಮೇಜಿನ ತುದಿಗೆ ಬಿಗಿದ ಪ್ರೆಸ್ಸಿನ ಮೇಲೆ ಹೂವಿನ ಚಿತ್ರದ ದಿಂಬಿನ ಚೀಲ ಹೊದಿಸಿತ್ತು. ಪಕ್ಕದಲ್ಲಿ ತಕ್ಕಡಿ, ಅದಕ್ಕೊಂದು ಟವೆಲಿನ ಮುಸುಕು. ಎಷ್ಟು ತುಂಬಿದೆ, ಎಷ್ಟು ತುಂಬಿದೆ ಎಂದು ನಾನು ಕೇಳುತ್ತಲೇ ಇದ್ದೆ. ಅವನು ನಿಧಾನವಾಗಿ ಕಿವಿಯ ಯಂತ್ರ ಸಿಕ್ಕಿಸಿಕೊಂಡು, ಆಶ್ಚರ್ಯದಿಂದ ನನ್ನನ್ನು ನೋಡಿದ.

"ಒಂದೂ ಇಲ್ಲ. ಇವತ್ತು ಮಲಗಿಸಬೇಕು ಅಂತ ನಿಮ್ಮತ್ತೆ ಹೇಳಿದ್ರಲ್ಲ. ನಾಳೆ ಕ್ಲಬ್ಬಿಗೆ ಸುಮ್ನೆ ಹೋಗಿ ನೋಡ್ಕೊಂಡು ಬರ್ತೀನಿ."

ನಾನು ಅವನ ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನಗುವೂ ಅಳುವೂ ಒಟ್ಟಿಗೇ ಬಂದವು. ಅತ್ತೆ, ಏನಂದ, ಏನಂದ ಎಂದು ಮಗನ ತೋಳು ಅಲುಗಾಡಿಸಿದರು. ಯಜಮಾನರು ಹೇಳಿದರು. ಅತ್ತೆ ಟವೆಲಿನ ಮುಸುಕನ್ನೂ ಅರ್ಲನನ್ನೂ ನೋಡಿದರು. ಕಣ್ಣು ಒರೆಸಿಕೊಂಡು ನಮ್ಮ ಮೂವರ ಕಡೆ ತಿರುಗಿದರು.

"ನೋಡ್ರಿ, ಹೇಳಿದ್ದ ಕೇಳ್ಯಾನ. ನಮ್ಮ ಮನ್ಯಾಗ ಒಬ್ಬರರೆ ಕೇಳತೀರೇನು?"

ರಶ್ಮಿ ಮೆಲ್ಲಗೆ ಸಾರಿ ಅಜ್ಜಿ ಎಂದಳು.

ಮಾರನೆಯ ಬೆಳಗ್ಗೆ ತಕ್ಕಡಿಯನ್ನು ಲಿಂಡಾಳ ಮುಂದಿಟ್ಟು ನಡೆದದ್ದೆಲ್ಲ ಹೇಳಿದೆ. ಹ್ಯಾಂಕ್ ಕೆಮ್ಮಿ, ಗಿರಾಕಿ ವಾಪಸು ತಂದದ್ದಲ್ಲ, ನಾವೇ ಹೋಗಿ ತಂದದ್ದು, ಆದ್ದರಿಂದ ಇದು ಲೆಕ್ಕಕ್ಕಿಲ್ಲ ಎಂದ. ಲಿಂಡಾ ಅವನ ಕಡೆ ನೋಡಲಿಲ್ಲ. ನಿಮ್ಮ ಅತ್ತೆ ಊಟದ ಹೊತ್ತಿಗೆ ಆ ಮಾತು ಎತ್ತದಿದ್ದರೆ ನಿಮಗೆ ಗೊತ್ತಾಗುತ್ತಿತ್ತೇ ಎಂದು ಕೇಳಿದಳು. ಇಲ್ಲ ಎಂದೆ. ನಾನು ಕಪಾಟಿನ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟೆ. ಕೊಟ್ಟ ಮಾತಿಗೆ ತಪ್ಪುವ ಹುಡುಗಿ ಅವಳಲ್ಲ, ನಾನೂ ಬೇಡಿಕೊಳ್ಳುವವಳಲ್ಲ.

ಅವಳು ಕೇಳಿದ್ದು ಬೇರೆಯೇ. ಆ ಮನುಷ್ಯ ಏಕೆ ಬಳಸಲಿಲ್ಲ ಎಂದಳು. ಪೂಜೆಯಾದ ತಕ್ಕಡಿಗೆ ಅದು ನಿದ್ದೆಯ ದಿನ ಎಂದು ಅವನಿಗೆ ಹೇಳಿದ್ದೆವು ಎಂದೆ. ಲಿಂಡಾಳ ತುಟಿಯ ಬಿಗಿ ಸಡಿಲವಾಯಿತು. ಅವಳು ನಕ್ಕದ್ದನ್ನು ನಾನು ಮೊದಲು ನೋಡಿದ್ದು ಆಗಲೇ. ಬೀಗದ ಕೈಯನ್ನು ನನ್ನ ಕಡೆಗೆ ತಳ್ಳಿ ಹೊಸ ನಿಯಮ ಹೇಳಿದಳು. ಇನ್ನು ಮುಂದೆ ಯಾವುದೇ ತಕ್ಕಡಿ ಪರೀಕ್ಷೆಯಾದ ದಿನವೇ ಅಂಗಡಿ ಬಿಟ್ಟು ಹೋಗಕೂಡದು. ಒಂದು ದಿನ ಗಾಜಿನ ಪೆಟ್ಟಿಗೆಯೊಳಗೆ ಮಲಗಬೇಕು, ಮಾರನೆಯ ಬೆಳಗ್ಗೆ ಬೇರೊಬ್ಬರು ಮತ್ತೆ ತೂಗಿ ನೋಡಬೇಕು. ಇನ್ನು ಮೇಲೆ ಯಾರೂ ಏನನ್ನೂ ತೊಳೆಯಕೂಡದು. ಹೊಸ ತಕ್ಕಡಿಗಳಿಗೂ ಇದೇ ನಿಯಮ ಎಂದು ಅವಳೇ ಸೇರಿಸಿದಳು. ಸ್ವಲ್ಪ ದಿನಕ್ಕೆ ಸೀಲು ಒಡೆಯದ ಪೆಟ್ಟಿಗೆಯಿಂದ ಮುಳ್ಳು ಬಾಗಿದ ಹೊಸ ತಕ್ಕಡಿಯೊಂದು ಹೊರಬಂದಾಗ ನಾನು ಅದನ್ನು ಅವಳ ಮೇಜಿನ ಮೇಲಿಟ್ಟು ಬಂದೆ. ಕ್ರಿಸ್‌ಮಸ್ ಬಂತು, ಹೋಯಿತು. ಕಪಾಟಿನ ಮಾತನ್ನು ಯಾರೂ ಎತ್ತಲಿಲ್ಲ.

ಅರ್ಲನ ತಕ್ಕಡಿಗೆ ಹೊಸ ಕಾಳು ಹಾಕಿ, ತೂಗಿ, ಒಂದು ದಿನ ಮಲಗಿಸಿ ಕೊಟ್ಟೆವು. ಕುಂಕುಮವನ್ನು ಅವನು ಒರೆಸಲು ಬಿಡಲಿಲ್ಲ, ಅದನ್ನೂ ಸೇರಿಸಿಯೇ ಸೊನ್ನೆಗೆ ನಿಲ್ಲಿಸಬೇಕಾಯಿತು. ಆಮೇಲೆ ಪ್ರತಿ ಅಕ್ಟೋಬರಿನಲ್ಲಿ ಅಂಗಡಿಗೆ ಫೋನು ಮಾಡಿ, ಈ ವರ್ಷ ನಿದ್ದೆಯ ದಿನ ಯಾವತ್ತು ಎಂದು ಕೇಳುತ್ತಿದ್ದ. ಕ್ಯಾಲೆಂಡರ್ ನೋಡಿ ಹೇಳುತ್ತಿದ್ದೆ. ಅತ್ತೆ ಗದಗಿಗೆ ಮರಳಿದ ಮೇಲೆ ಅವರಿಂದ ಬರುತ್ತಿದ್ದ ಪ್ರತಿ ಪತ್ರದಲ್ಲೂ ಮಗನ ಆರೋಗ್ಯಕ್ಕಿಂತ ಮೊದಲು ಅರ್ಲನ ಆರೋಗ್ಯದ ವಿಚಾರಣೆ ಇರುತ್ತಿತ್ತು. ದಶಕ ಮುಗಿಯುವ ಹೊತ್ತಿಗೆ ಅಂಕಿ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿಗಳು ಬಂದವು. ಅವಕ್ಕೆ ಹೊಟ್ಟೆಯಲ್ಲಿ ಕಾಳಿರಲಿಲ್ಲ, ಆದರೂ ಲಿಂಡಾ ಅವನ್ನೂ ಮಲಗಿಸಿದಳು.

ಅರ್ಲ್ ಹೋದ, ಹ್ಯಾಂಕ್ ಹೋದ, ಅತ್ತೆಯೂ ಹೋದರು. ನಿವೃತ್ತಳಾಗಿ ಕೆಲವು ವರ್ಷಗಳ ನಂತರ, ಅತ್ತೆಯ ನೆನಪಿಗೆ ದೇವರ ಮನೆಯಲ್ಲಿಡಲು ಒಂದು ಹಳೇ ಹಿತ್ತಾಳೆ ತಕ್ಕಡಿ ಬೇಕೆನಿಸಿ ಆ ಅಂಗಡಿಗೆ ಹೋದೆ. ಲಿಂಡಾ ಊರಲ್ಲಿರಲಿಲ್ಲ. ಕೌಂಟರಿನಲ್ಲಿ ನನ್ನನ್ನು ಅರಿಯದ ಗಡ್ಡದವನೊಬ್ಬನಿದ್ದ. ನಾನು ಆರಿಸಿದ ತಕ್ಕಡಿಯನ್ನು ಅವನು ಪರೀಕ್ಷಿಸಿ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಇವತ್ತು ಕೊಡಲಾಗುವುದಿಲ್ಲ ಮ್ಯಾಮ್, ಒಂದು ದಿನ ಮಲಗಬೇಕು ಎಂದ. ಯಾಕೆ ಎಂದು ಕೇಳಿದೆ. ಯಾಕೋ ಗೊತ್ತಿಲ್ಲ, ಇಲ್ಲಿ ಮೊದಲಿನಿಂದಲೂ ಹಾಗೇ ಎಂದ.

ನಾನು ಯಾರೆಂದು ಹೇಳಿದ್ದರೆ ಆಗಲೇ ಕೊಡುತ್ತಿದ್ದನೋ ಏನೋ. ಹೇಳಲಿಲ್ಲ. ಮನೆಗೆ ಬಂದು ಮಾರನೆಯ ದಿನ ಮತ್ತೆ ಹೋದೆ. ಅತ್ತೆಯ ಮಾತನ್ನು ನಾನು ಕೇಳಿದ್ದು ಅದೇ ಮೊದಲು.